ಅರ್ಧ ಕೊರೆದದ್ದು, ಅರ್ಧ ಕಟ್ಟಿದ್ದು

ಹಲಸೂರಿನ ನಮ್ಮ ಬೀದಿಯಲ್ಲಿ ಸದಾ ಯಾವುದಾದರೂ ಮನೆ ಒಡೆಯುತ್ತಲೇ ಇರುತ್ತಾರೆ; ಹಳೆಯದು ಹೋಗಿ ನಾಲ್ಕು ಮಹಡಿ ಏಳುತ್ತದೆ. ಆ ಸದ್ದು ಸಾಕಾಗಿ ಒಂದು ಸಂಜೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ಗೆ ಹೋದೆ. ಅಲ್ಲಿಂದ ರಾತ್ರಿ ರೈಲು. ಬೆಳಗಾಗುವಾಗ ಬಾದಾಮಿ.

ಬಂಡೆ ಕೊರೆದು ಮಾಡಿದ ಇಲ್ಲಿನ ಮೇಣಬಸದಿಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ಹೆಚ್ಚು ಹೇಳುವುದಿಲ್ಲ. ಮೂರನೆಯದರಲ್ಲಿ ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಲಸದ ಕ್ರಮ: ಇಲ್ಲಿ ಮೊದಲು ಸೂರು, ಕೊನೆಗೆ ನೆಲ. ಬಂಡೆಯನ್ನು ಮೇಲಿನಿಂದ ಕೆತ್ತುತ್ತಾ ಇಳಿಯಬೇಕು. ಕಂಬವನ್ನು ನಿಲ್ಲಿಸುವುದಿಲ್ಲ, ಉಳಿಸುತ್ತಾರೆ. ನಮ್ಮ ಬೆಂಗಳೂರಿನ ಗಟ್ಟಿ ಕಲ್ಲಿನಲ್ಲಿ ಇದು ಸುಲಭದ ಮಾತಲ್ಲ. ಇಲ್ಲಿಯ ಕೆಂಪು ಮರಳುಗಲ್ಲು ಉಳಿಗೆ ಒಗ್ಗುತ್ತದೆ.

ಪಟ್ಟದಕಲ್ಲು ದಾಟಿ ಬಸ್ಸು ಐಹೊಳೆಗೆ ಬಂತು. ಬಂದವರೆಲ್ಲ ದುರ್ಗದ ಗುಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಕ್ಕದ ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲಕ್ಕೆ ಅದರಲ್ಲಿ ಸಂಸಾರ ಹೂಡಿದ್ದವನಿಂದ. ದೇವರ ಮನೆಯಲ್ಲಿ ಮನುಷ್ಯ ವಾಸವಿದ್ದ ಊರಿದು. ನನಗೆ ಇದು ಶಿಖರಗಳಿಗಿಂತ ರುಚಿಸಿತು.

ಐಹೊಳೆಯ ಮೇಗುತಿ ಗುಡ್ಡದ ಮೆಟ್ಟಿಲು ಹತ್ತುವಾಗ ನೆತ್ತಿ ಸುಡುತ್ತಿತ್ತು. ಇಳಿದು ಬರುತ್ತಿದ್ದ ಹಿರಿಯರೊಬ್ಬರು, "ಅಣ್ಣಾರ, ಮ್ಯಾಲ ಓಡಬ್ಯಾಡ್ರಿ, ನಡುವ ಬುದ್ಧನ ಗುಡಿ ಐತಿ, ಅಲ್ಲಿ ನೆಳ್ಳದಾಗ ಕೂಡ್ರಿ" ಅಂದರು.

ಎರಡಂತಸ್ತಿನ ಬೌದ್ಧರ ತಾಣ ಅದು. ಹಿಂಬದಿ ಗುಡ್ಡದ ಬಂಡೆಯೊಳಗೆ ಕೊರೆದದ್ದು, ಮುಂದಿನ ಪಡಸಾಲೆ ಕಲ್ಲು ಜೋಡಿಸಿ ಕಟ್ಟಿದ್ದು. ಎಲ್ಲಿ ಬಂಡೆ ಮುಗಿದು ಗೋಡೆ ಶುರುವಾಗುತ್ತದೆಂದು ಬೆರಳಾಡಿಸಿ ಹುಡುಕಿದೆ. ಕಟ್ಟಿದ ಕಡೆ ಕಲ್ಲುಗಳ ಸಂದು ಉಗುರಿಗೆ ಸಿಗುತ್ತದೆ. ಒಳಗೆ ಹೋದಂತೆ ಸಂದೇ ಇಲ್ಲ. ಮೇಲಂತಸ್ತಿನ ಪಡಸಾಲೆಯಲ್ಲಿ ಅಂಗಾತ ಮಲಗಿದೆ. ಕುಳಿತ ಬುದ್ಧ ಸೂರಿನಲ್ಲಿದ್ದಾನೆ, ನಿಂತು ನೋಡಿದರೆ ಕತ್ತು ನೋಯುತ್ತದೆ. ಗರ್ಭಗುಡಿಯ ಗತ್ತು ಇಲ್ಲಿಲ್ಲ. ಚಪ್ಪಲಿ ಬಿಟ್ಟು ಗೋಡೆಗೆ ಒರಗುವ ಸಲಿಗೆ ಬಾದಾಮಿಯಲ್ಲಿ ನನಗೆ ಬಂದಿರಲಿಲ್ಲ.

ಗುಡ್ಡದ ತುದಿಯ ಜಿನಾಲಯದಲ್ಲಿ ರವಿಕೀರ್ತಿಯ 634ರ ಶಾಸನ. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ತಾನೇ ಕೂರಿಸಿಕೊಂಡ ಕವಿ; ಸಂಕೋಚ ಕಡಿಮೆ. ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಜೈನರು ಕೊರೆಸಿದ ಮೀನ ಬಸದಿ, ಒಳಗೆ ಬಾಹುಬಲಿ, ಪಾರ್ಶ್ವನಾಥ. ಮೂರನ್ನೂ ನೋಡುವವರು ಬೆಳಿಗ್ಗೆಯೇ ಹತ್ತಿ, ನೀರು ಹಿಡಿದುಕೊಳ್ಳಿ. ಮೇಲೆ ಅಂಗಡಿಯಿಲ್ಲ.