ಮೇಲಿನ ಕಡ್ಡಿ

ಅಂಗಡಿಯವರು ಇವನ್ನು ‘ಲವ್ ಬರ್ಡ್ಸ್’ ಎಂದೇ ಮಾರುತ್ತಾರೆ. ಅಸಲಿಗೆ ಇವು ಆಸ್ಟ್ರೇಲಿಯಾದ ಪುಟ್ಟ ಗಿಣಿ, ಬಡ್ಜಿ. ಲವ್ ಏನಿದ್ದರೂ ಹಗಲಿಗೆ. ಸಂಜೆ 7 ಆಯಿತೆಂದರೆ ಮೇಲಿನ ಕಡ್ಡಿಗಾಗಿ ಜಗಳ. ಎತ್ತರದಲ್ಲಿ ಮಲಗಿದರಷ್ಟೇ ಇವಕ್ಕೆ ಧೈರ್ಯ. ಕಂದು ಮೂಗಿನ ಹೆಣ್ಣೇ ಜೋರು. ನೀಲಿ ಮೂಗಿನವನ ಕಾಲು ಕಚ್ಚಿ ಕೆಳಗಿಳಿಸುತ್ತಾಳೆ, ಒಮ್ಮೆ ರಕ್ತವೂ ಬಂತು.

ಅದೇ ಎತ್ತರಕ್ಕೆ ಸೀಬೆಗಿಡದ ಇನ್ನೊಂದು ಕಡ್ಡಿ ಕಟ್ಟಿದೆ. ಪಂಜರದ ಮೂರು ಬದಿಗೆ ಅಮ್ಮನ ಹಳೇ ಸೀರೆ ಹೊದಿಸಿ, ಪುಟ್ಟ ದೀಪ ಉಳಿಸುತ್ತೇನೆ. ಗವ್ವೆನ್ನುವ ಕತ್ತಲಲ್ಲಿ ಸಣ್ಣ ಸದ್ದಿಗೂ ಬೆಚ್ಚಿ ಕಂಬಿಗೆ ಬಡಿದುಕೊಳ್ಳುತ್ತವೆ. ನಿದ್ದೆಯೋ, 10–12 ಗಂಟೆ ಬೇಕು! ಇರುವುದೊಂದೇ ಕೋಣೆ, ನನ್ನ ಪಿಎಚ್‌ಡಿ ಈಗ ಅಡುಗೆಮನೆ ನೆಲದ ಮೇಲೆ ಸಾಗುತ್ತಿದೆ.

ಆಮೇಲೆ ಕೊಕ್ಕು ಮಸೆಯುವ ಸದ್ದು. ಹಲ್ಲು ಮಸೆದರೆ ನಮ್ಮಲ್ಲಿ ಸಿಟ್ಟು, ಇವಕ್ಕೆ ಅದು ಜೋಂಪು. ನಿನ್ನೆ ಇಣುಕಿದೆ: ಹೊಸ ಕಡ್ಡಿ ಖಾಲಿ. ಎರಡೂ ಹಳೆಯದರ ಮೇಲೇ, ಒತ್ತಿಕೊಂಡು.