ಗುಂಡನನ್ನು ಇವತ್ತೇ ತೋರಿಸು

ಪ್ರೀತಿಯ ಸುಮಾ,

ಫೋನಿನಲ್ಲಿ ಹೇಳಿದರೆ ಗಾಬರಿಯಲ್ಲಿ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ವಿಡಿಯೊ ಮತ್ತೆ ಮತ್ತೆ ನೋಡಿದೆ. ಗುಂಡ ಎಡಕ್ಕೇ ಸುತ್ತು ಹೊಡೆಯುತ್ತಾನೆ, ಆಮೇಲೆ ಬೀರುವಿನ ಪಕ್ಕದ ಮೂಲೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತುಬಿಡುತ್ತಾನೆ. ಹಿಂದಕ್ಕೆ ಬರಬೇಕೆಂದು ಅವನಿಗೆ ಹೊಳೆಯುವುದೇ ಇಲ್ಲ. ಇದು ಹಟ ಅಲ್ಲ ಕಣೇ. ಸೆಕೆಗೆ ಸುಸ್ತಾದ ನಾಯಿ ತಣ್ಣನೆಯ ನೆಲ ಹುಡುಕಿ ಮಲಗುತ್ತದೆ, ಗೋಡೆಗೆ ತಲೆ ಕೊಡುವುದಿಲ್ಲ. ಮಿದುಳಿನ ಉರಿಯೂತ ಇರಬಹುದೇನೋ ಅಂತ ನನಗೆ ಭಯ.

ಊಟ ಹಾಕಿದಾಗ ತಟ್ಟೆ ನೋಡು. ಎಡಗಡೆಯದಷ್ಟೇ ತಿಂದು ಬಲಗಡೆಯ ಅನ್ನ ಹಾಗೇ ಬಿಡುತ್ತಾನಾ? ಮಿದುಳಿನ ಒಂದು ಪಕ್ಕಕ್ಕೆ ಪೆಟ್ಟಾದರೆ ನಾಯಿ ಆ ಪಕ್ಕಕ್ಕೇ ಸುತ್ತುತ್ತದೆ, ಇನ್ನೊಂದು ಪಕ್ಕದ ಲೋಕ ಅದರ ಪಾಲಿಗೆ ಇಲ್ಲದಂತಾಗುತ್ತದೆ. ಕಣ್ಣೆದುರು ಒಂದು ಚೂರು ಹತ್ತಿ ಬೀಳಿಸು, ಸದ್ದಾಗುವುದಿಲ್ಲ. ಅದರ ಹಿಂದೆ ಕಣ್ಣು ಹೋಗದಿದ್ದರೆ ದೃಷ್ಟಿಗೂ ತೊಂದರೆಯಾಗಿರಬಹುದು. ಬರೀ ತಲೆ ವಾಲಿ, ಉಳಿದಂತೆ ಚುರುಕಾಗಿದ್ದಿದ್ದರೆ ಕಿವಿಯ ಸೋಂಕು ಅಂದುಕೊಳ್ಳುತ್ತಿದ್ದೆ. ಇವನು ಮಂಕಾಗಿದ್ದಾನೆ.

ಗುಂಡನಂಥ ಪಗ್‌ಗಳಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವುಗಳಲ್ಲಿ, ಯಾವ ರೋಗಾಣುವೂ ಸಿಗದೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆಯೊಂದಿದೆ. ಮಾಲ್ಟೀಸ್, ಚಿವಾವಾಗಳಿಗೂ ಬರುತ್ತದೆ. ನಮ್ಮ ಕಡೆ ಡಿಸ್ಟೆಂಪರ್ ಕೂಡ ಮರೆಯುವಂತಿಲ್ಲ: ಮೊದಲು ಕಣ್ಣು ಮೂಗು ಸೋರಿ, ಕೆಮ್ಮು, ಭೇದಿ, ವಾರಗಳ ಮೇಲೆ ಫಿಟ್ಸ್, ನಿದ್ದೆಯಲ್ಲೂ ಒಂದೇ ಲಯದಲ್ಲಿ ಅದುರುವ ಕಾಲು. ಉಣ್ಣಿಯಿಂದ ಬರುವ ಜ್ವರವೂ ಮಿದುಳಿಗೆ ಏರಬಹುದು. ಲಿವರ್ ಕೆಟ್ಟರೂ ನಾಯಿ ಹೀಗೇ ತಲೆ ಒತ್ತುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಮೊದಲು ಆಗಲಿ. ಎಂ.ಆರ್.ಐ., ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕೆಂದರೆ ಎಲ್ಲಿಗೆ ಹೋಗಬೇಕೆಂದು ನಿಮ್ಮ ಡಾಕ್ಟರನ್ನೇ ಕೇಳು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸು.

ಮನೆಯಲ್ಲಿ ಉಳಿದ ಸ್ಟೆರಾಯ್ಡ್ ಮಾತ್ರೆ ದಯವಿಟ್ಟು ಕೊಡಬೇಡ. ಕಾಯಿಲೆಗೆ ಮುಂದೆ ಅದೇ ಔಷಧಿ ಬೇಕಾಗಬಹುದು, ಆದರೆ ಪರೀಕ್ಷೆಗೆ ಮೊದಲೇ ಕೊಟ್ಟರೆ ಗುರುತು ಮುಚ್ಚಿಹೋಗುತ್ತದೆ. ಸೋಂಕಿದ್ದರೆ ಇನ್ನೂ ಕೆಡುತ್ತದೆ. ನಮ್ಮ ನೋವಿನ ಮಾತ್ರೆಗಳೂ ಬೇಡ.

ಫಿಟ್ಸ್ ಬಂದರೆ ಕೀಲಿಕೈ, ಈರುಳ್ಳಿ ಹುಡುಕಬೇಡ. ಸುತ್ತಲಿನ ಕುರ್ಚಿ ಸರಿಸು, ಗಡಿಯಾರ ನೋಡು, ಬಾಯಿಗೆ ಕೈ ಹಾಕಬೇಡ. 5 ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಎಷ್ಟೇ ಹೊತ್ತಾಗಿರಲಿ, ಹೊರಡು. ರೇಬೀಸ್ ಚುಚ್ಚುಮದ್ದು ತಪ್ಪಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳು, ಮಕ್ಕಳನ್ನು ಹತ್ತಿರ ಬಿಡಬೇಡ. ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ನೇರ ಆಸ್ಪತ್ರೆಗೆ ಹೋಗು.

ಸುಳ್ಳು ಧೈರ್ಯ ಹೇಳಲಾರೆ. ಕೆಲವು ನಾಯಿಗಳು ಉಳಿಯುವುದಿಲ್ಲ. ಚಿಕಿತ್ಸೆಗೆ ಒಗ್ಗಿ ವರ್ಷಗಟ್ಟಲೆ ಚೆನ್ನಾಗಿರುವವೂ ಇವೆ. ತಡ ಮಾಡಿದಷ್ಟೂ ಆ ದಾರಿ ಕಿರಿದಾಗುತ್ತದೆ. ಆ ವಿಡಿಯೊ ಡಿಲೀಟ್ ಮಾಡಬೇಡ, ಡಾಕ್ಟರ ಮುಂದೆ ಅವನು ಸುಮ್ಮನೆ ನಿಂತರೂ ಅದು ಹೇಳುತ್ತದೆ. ದುಡ್ಡಿನ ಯೋಚನೆ ನನಗೆ ಬಿಡು. ಡಾಕ್ಟರು ಏನೆಂದರೆಂದು ಆಸ್ಪತ್ರೆಯಿಂದಲೇ ಫೋನ್ ಮಾಡು.

ನಿನ್ನ
ಅಕ್ಕ