ಜಯಂತಿ ಬಂದು ನಿಂತರೆಂದರೆ

ಕುಮಾರಪಟ್ಟಣದಲ್ಲಿ ಸಿನಿಮಾ ಮಾತು ಶುರುವಾದರೆ ಅದು ತುಂಗಭದ್ರೆಯ ಸೇತುವೆ ದಾಟಿ ಹರಿಹರಕ್ಕೆ ಹೋಗದೆ ನಿಲ್ಲುವುದಿಲ್ಲ. ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೊಳೆಯಾಚೆ ಸೆಕೆಂಡ್ ಶೋ ನೋಡಿ ಬರುತ್ತಿದ್ದವರು ಈಗಲೂ ನಮ್ಮ ಓಣಿಯ ಕಟ್ಟೆ ಮೇಲೆ ಸಿಗುತ್ತಾರೆ. ಅವರ ಮುಂದೆ ನಾಯಕಿಯರ ಸುದ್ದಿ ತೆಗೆಯಿರಿ. ಕಲ್ಪನಾ ಕಡೆಯವರು, ಭಾರತಿ ಕಡೆಯವರು, ಆರತಿ ಕಡೆಯವರು ಎಂದು ಕಟ್ಟೆಯೇ ಹೋಳಾಗುತ್ತದೆ. ನಾನು ಜಯಂತಿ ಕಡೆ.

ಬಳ್ಳಾರಿಯ ಕಮಲಕುಮಾರಿ 1963ರ ‘ಜೇನುಗೂಡು’ ಚಿತ್ರದಲ್ಲಿ ಜಯಂತಿಯಾದರು. ಎರಡೇ ವರ್ಷಕ್ಕೆ ಎಂ.ಆರ್. ವಿಠಲ್ ಅವರ ‘ಮಿಸ್ ಲೀಲಾವತಿ’ ಬಂತು. ಕನ್ನಡದ ನಾಯಕಿ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದ ಕಾಲದಲ್ಲಿ ಈಕೆ ಸ್ಕರ್ಟು ಹಾಕಿದರು, ಈಜುಡುಗೆ ತೊಟ್ಟರು. ಗ್ಲಾಮರ್ ನಟಿ ಎಂಬ ಹಣೆಪಟ್ಟಿ ಆಗಲೇ ಅಂಟಿತು. ಜನ ಬಟ್ಟೆಯನ್ನು ನೋಡಿದರು. ನಾನು ನೋಡುವುದು ಆ ಬಟ್ಟೆಯಲ್ಲಿ ಆಕೆ ನಿಂತ ರೀತಿಯನ್ನು. ಮೈ ಮುದುರಿಕೊಳ್ಳುವುದಿಲ್ಲ, ತೋರಿಸಿಕೊಳ್ಳುವ ಆತುರವೂ ಇಲ್ಲ. ‘ಆಕಿ ತನ್ನ ಮನ್ಯಾಗ ತಾ ನಿಂತಂಗ ನಿಂತಾಳ ನೋಡು’ ಎಂದು ಓಣಿಯ ಅಜ್ಜಿಯೊಬ್ಬರು ಅಂದಿದ್ದರು. ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಆ ನಿಲುವೇ ಆಕೆಯ ಅಭಿನಯದ ಬೇರು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಓಬವ್ವನಾಗಿ ಬರುವುದು ಪಿ.ಬಿ. ಶ್ರೀನಿವಾಸ್ ದನಿಯ ಒಂದು ಹಾಡಿಗೆ ಮಾತ್ರ. ಅಷ್ಟರಲ್ಲೇ ಓಬವ್ವನಿಗೆ ನಮ್ಮೆಲ್ಲರ ಮನಸ್ಸಿನಲ್ಲಿ ಒಂದು ಮುಖ ಸಿಕ್ಕಿಬಿಟ್ಟಿತು. ಇಂದಿಗೂ ಚಿತ್ರದುರ್ಗದ ಕಿಂಡಿಯ ಎದುರು ನಿಂತವರಿಗೆ ನೆನಪಾಗುವುದು ಗಂಡುಗಚ್ಚೆ ಹಾಕಿ ಒನಕೆ ಎತ್ತಿದ ಜಯಂತಿಯೇ. ಈಜುಡುಗೆಯಲ್ಲಿ ನಾಚದ ಮೈ ಒನಕೆ ಹಿಡಿದಾಗಲೂ ಅಳುಕಲಿಲ್ಲ.

ಮರುವರ್ಷ, ‘ನಾಗರಹಾವು’ ಮಾಡಿದ್ದ ಅದೇ ಪುಟ್ಟಣ್ಣ ಕಣಗಾಲ್ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯನ್ನು ಕೈಗೆತ್ತಿಕೊಂಡು ಆಕೆಯನ್ನು ಮಾಧವಿ ಮಾಡಿದರು. ಗಂಡ ಸೈನ್ಯದವನು, ಯುದ್ಧದಲ್ಲಿ ಗಾಯಗೊಂಡು ಪುರುಷತ್ವ ಕಳೆದುಕೊಂಡವನು. ಹೆಂಡತಿಯ ಮೈಗೊಂದು ಹಸಿವಿದೆ ಎಂದು ಗಟ್ಟಿಯಾಗಿ ಹೇಳಲು ಹಿಂಜರಿಯುತ್ತಿದ್ದ ಕಾಲವದು. ಮಾಧವಿಯನ್ನು ಅಳುಬುರುಕಿ ಮಾಡಬಹುದಿತ್ತು, ಜಾರಿದವಳೆಂದು ತೋರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಜಯಂತಿ ಎರಡನ್ನೂ ಮಾಡಲಿಲ್ಲ. ಎಸ್. ಜಾನಕಿ ಹಾಡಿದ ಆ ವಿರಹದ ಹಾಡಿನಲ್ಲಿ ಆಕೆಯ ಕಣ್ಣು ನೋಡಿ. ಆಸೆಯೂ ಅಲ್ಲೇ ಇದೆ, ಆಸೆಪಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟೂ ಅಲ್ಲೇ ಇದೆ. ರಾಜ್ಯ ಪ್ರಶಸ್ತಿ ಬಂತು. ಬರದಿದ್ದರೂ ನನಗೆ ಕನ್ನಡ ನಟಿಯರ ಪಾತ್ರಗಳಲ್ಲಿ ಅದೇ ಮೊದಲನೆಯದು. ಕಲ್ಪನಾ ಕಡೆಯವರು ‘ಶರಪಂಜರ’ ಎನ್ನುತ್ತಾರೆ. ಅದೂ ದೊಡ್ಡದೇ. ಆದರೆ ಕಲ್ಪನಾ ನೋವನ್ನು ಹೊರಗೆ ಚೆಲ್ಲಿ ನಮ್ಮನ್ನು ನಡುಗಿಸುತ್ತಾರೆ. ಜಯಂತಿ ಗಂಟಲಲ್ಲೇ ತಡೆದು, ಆ ಎಳೆದೆಳೆದು ಆಡುವ ದನಿಯಲ್ಲಿ ಅರ್ಧ ಹೇಳಿ ಅರ್ಧ ನಮಗೇ ಬಿಡುತ್ತಾರೆ.

‘ಬಹದ್ದೂರ್ ಗಂಡು’ ಚಿತ್ರದ ಸೊಕ್ಕಿನ ರಾಜಕುಮಾರಿಯಾಗಿ ರಾಜ್‌ಕುಮಾರ್ ಎದುರು ಸರಿಸಮನಾಗಿ ನಿಂತದ್ದನ್ನು ಇಲ್ಲಿ ಎಲ್ಲರೂ ಬಲ್ಲರು. ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’ ಬಗ್ಗೆ ಮಾತ್ರ ಮಾತು ಕಡಿಮೆ. ಚೆಲುವಿಗೆ ಹೆಸರಾದ ನಾಯಕಿ ಅಲ್ಲಿ ಹೆಣ್ಣುಮಕ್ಕಳನ್ನು ದಂಧೆಗೆ ಇಳಿಸುವ ಹೆಂಗಸು. ಅಂಥ ಪಾತ್ರಕ್ಕೆ ಒಪ್ಪಿಕೊಂಡ ಎದೆಗಾರಿಕೆಗೇ ನಾನು ಕೈ ಮುಗಿಯುತ್ತೇನೆ.

2021ರ ಜುಲೈ 26ರಂದು ಜಯಂತಿ ತೀರಿಕೊಂಡರು. ನಮ್ಮ ಕಟ್ಟೆಯ ವಾದ ಇನ್ನೂ ಮುಗಿದಿಲ್ಲ. ಈಚೆಗೆ ನಾನು ‘ಕಸ್ತೂರಿ ನಿವಾಸ’ದ ನೀಲಾಳನ್ನು ಮುಂದೆ ತರುತ್ತಿದ್ದೇನೆ. ಎಲ್ಲ ಕಳೆದುಕೊಂಡ ರಾಜ್‌ಕುಮಾರ್ ಮುಂದೆ ಮಗುವಿಗಾಗಿ ಪಾರಿವಾಳ ಕೇಳುವ ಆ ದೃಶ್ಯದಲ್ಲಿ ನಾವೆಲ್ಲ ಅಣ್ಣಾವ್ರ ಮುಖವನ್ನೇ ನೋಡುತ್ತೇವೆ. ಮುಂದಿನ ಸಲ ಆ ಚಿತ್ರ ಹಾಕಿದಾಗ, ಕೇಳುವವಳ ಮುಖ ನೋಡಿ ಬಂದು ಮಾತಾಡಿ ಎಂದು ಆರತಿ ಕಡೆಯವರಿಗೆ ಹೇಳಿದ್ದೇನೆ.